ಒಳ್ಳೆಯದನ್ನೂ ಹೆಸರು ಹಿಡಿದು ಹೇಳಮ್ಮ

ನೋಡಮ್ಮ, ನಲಿ-ಕಲಿ ತರಗತಿ ಎಂದ ಮೇಲೆ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಇರುತ್ತಾರೆ, ಗದ್ದಲ ಇದ್ದದ್ದೇ. ಆ ಗದ್ದಲದಲ್ಲಿ ಟೀಚರ್ ಬಾಯಿಗೆ ಮೊದಲು ಬರುವುದು ತಂಟೆ ಮಾಡುವವನ ಹೆಸರು. ಬೈಗುಳವೇ ಆಗಲಿ, ಟೀಚರ್ ತನ್ನತ್ತ ತಿರುಗಿದರಲ್ಲ ಎಂಬುದೇ ಎಷ್ಟೋ ಮಕ್ಕಳಿಗೆ ಸಾಕು. ಮತ್ತೆ ಅದನ್ನೇ ಮಾಡುತ್ತಾರೆ.

ನೀನು ಅವನ ಪಕ್ಕದಲ್ಲಿ ಸದ್ದಿಲ್ಲದೆ ಬರೆಯುತ್ತಿರುವ ಹುಡುಗಿಯನ್ನು ನೋಡು. "ಕಾರ್ಡ್ ಮುಗಿಸಿ, ಅದರ ಜಾಗದಲ್ಲೇ ವಾಪಸ್ ಇಟ್ಟೆಯಲ್ಲ, ತುಂಬ ಚೆನ್ನಾಗಿ ಮಾಡಿದೆ ಪುಟ್ಟಿ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳು. ಬರೀ "ಗುಡ್" ಎಂದರೆ ಏನು ಮಾಡಿದ್ದಕ್ಕೆ ಎಂದು ಮಗುವಿಗೆ ತಿಳಿಯುವುದಿಲ್ಲ. ಹಾಗೆ ಹೇಳಿದ ಮೇಲೆ "ನೀನೂ ಇದ್ದೀಯ, ಅವಳನ್ನು ನೋಡಿ ಕಲಿ" ಎಂದು ಇವನನ್ನು ಚುಚ್ಚಬೇಡ. ಇವನೂ ಯಾವಾಗಲೋ ಒಮ್ಮೆ ಸ್ಲೇಟು ಹಿಡಿದು ಕೂರುತ್ತಾನೆ. ಆ ಗಳಿಗೆ ಕಾದಿರು. ಆಗಲೇ ಹೇಳು, ಸಂಜೆಗೆ ಉಳಿಸಬೇಡ.

"ಜಾಣ ಮರಿ" ಎನ್ನುವುದು ನಮಗೆಲ್ಲ ರೂಢಿ. ಆದರೆ ಮ್ಯುಲ್ಲರ್ ಮತ್ತು ಡ್ವೆಕ್ ಎಂಬ ಮನಃಶಾಸ್ತ್ರಜ್ಞೆಯರು ಅಮೆರಿಕದ ಐದನೇ ತರಗತಿಯ ಮಕ್ಕಳನ್ನು ಗಮನಿಸಿ 1998ರಲ್ಲಿ ಬರೆದದ್ದು ಯೋಚಿಸುವಂಥದ್ದು: ಬುದ್ಧಿವಂತರೆಂದು ಹೊಗಳಿಸಿಕೊಂಡವರು ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು, ಪಟ್ಟ ಶ್ರಮಕ್ಕೆ ಮೆಚ್ಚುಗೆ ಪಡೆದವರು ಹಾಗೆ ಕೈಚೆಲ್ಲಲಿಲ್ಲ. ಒತ್ತಕ್ಷರವನ್ನು ಅಳಿಸಿ ಅಳಿಸಿ ಮೂರನೇ ಸಲ ಸರಿಯಾಗಿ ಬರೆದವನಿಗೆ, "ಬಿಡದೆ ಬರೆದೆಯಲ್ಲ" ಎನ್ನು.

ಚಾಕೊಲೇಟ್ ಡಬ್ಬಿ ಇಟ್ಟುಕೊಳ್ಳುವ ಆಸೆ ನಿನಗೂ ಬಂದೀತು. ನನಗೆ ಅದು ಹಿಡಿಸದು. ಚಿತ್ರ ಬಿಡಿಸಿದರೆ ಬಹುಮಾನ ಎಂದು ಮೊದಲೇ ಆಸೆ ತೋರಿಸಿದ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬಿಡಿಸುವುದನ್ನೇ ಕಡಿಮೆ ಮಾಡಿದ್ದು 1973ರ ಒಂದು ಪ್ರಯೋಗದಲ್ಲಿ ಕಂಡಿತ್ತು. ಕೊಡಲೇಬೇಕೆಂದಿದ್ದರೆ ಜವಾಬ್ದಾರಿ ಕೊಡು. ಹಾಜರಿ ಪುಸ್ತಕವನ್ನು ಹೆಡ್‌ಮಾಸ್ಟರ್ ಕೋಣೆಗೆ ಒಯ್ಯುವುದು, ಬಿಸಿಯೂಟದ ಸಾಲಿನ ಮುಂದೆ ನಿಲ್ಲುವುದು: ಆರು ವರ್ಷದ ಮಗುವಿಗೆ ಇವು ಸಣ್ಣ ಗೌರವವಲ್ಲ.

ಬೆತ್ತವಿಲ್ಲದೆ ಮಕ್ಕಳು ಹಿಡಿತಕ್ಕೆ ಬರುವುದಿಲ್ಲ ಎನ್ನುವವರು ಸ್ಟಾಫ್ ರೂಮಿನಲ್ಲಿ ಸಿಗುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಅವರೊಡನೆ ವಾದಕ್ಕೆ ಇಳಿಯಬೇಡ.

ನಾಳೆ ಹಾಜರಿ ಕೂಗುವಾಗ ಒಂದು ಕೆಲಸ ಮಾಡಮ್ಮ. ಈ ವಾರ ನಿನ್ನಿಂದ ಒಂದೂ ಒಳ್ಳೆಯ ಮಾತು ಕೇಳದ ಮಕ್ಕಳ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದುಕೊ. ಶನಿವಾರದೊಳಗೆ ಅವರಲ್ಲಿ ಪ್ರತಿಯೊಬ್ಬರಿಗೂ, ನಿಜವಾಗಿ ಮಾಡಿದ ಯಾವುದಾದರೂ ಒಂದು ಕೆಲಸಕ್ಕೆ, ಮೆಚ್ಚುಗೆ ಹೇಳು.