ಮಳೆಯನ್ನು ಕೂಡಿಸುವ ಗಣಿತ

ವಯನಾಡಿನಲ್ಲಿ ಮಳೆಯು ಎಲ್ಲೆಡೆಯೂ ಸಮವಾಗಿ ಬೀಳುವುದಿಲ್ಲವೆಂಬುದು ಇಲ್ಲಿಯ ಮಕ್ಕಳೂ ಬಲ್ಲ ಸಂಗತಿ. ಘಟ್ಟದ ನೆತ್ತಿಯ ಲಕ್ಕಿಡಿಯಲ್ಲಿ ಧಾರಾಕಾರವಾಗಿ ಸುರಿಯುತ್ತಿರುವಾಗ, ಪೂರ್ವದ ಪುಲ್ಪಳ್ಳಿಯ ರೈತನು ಕೆಲವು ವರ್ಷಗಳಲ್ಲಿ ಮುಗಿಲನ್ನೇ ನೋಡುತ್ತ ಕುಳಿತಿರಬೇಕಾಗುತ್ತದೆ. ಹೀಗಿರುವಲ್ಲಿ ಒಂದು ಸೀಮೆಯ ಮೇಲೆ ಒಟ್ಟು ಎಷ್ಟು ನೀರು ಬಿದ್ದಿತೆಂದು ಎಣಿಸುವುದು ಹೇಗೆ? ಕಾಲೇಜಿನಲ್ಲಿ 'ಡಬಲ್ ಇಂಟಿಗ್ರಲ್' ಎಂದು ಕಲಿಸುವ ಇಮ್ಮಡಿ ಅನುಕಲನವು ಇಂತಹ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ.

ಇದು ಬರಿಯ ಪರೀಕ್ಷೆಯ ಲೆಕ್ಕವೆಂದು ತಂದೆತಾಯಂದಿರು ಭಾವಿಸಬಾರದು. ವಯನಾಡಿನ ನೀರಿನ ಬಹುಭಾಗವು ಕಬಿನಿಯಾಗಿ ಕರ್ನಾಟಕಕ್ಕೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ನ್ಯಾಯಮಂಡಳಿಯು 2007ರಲ್ಲಿ ಕೇರಳಕ್ಕೆ ಹಂಚಿದ 30 ಟಿ.ಎಂ.ಸಿ. ನೀರಿನಲ್ಲಿ 21 ಕಬಿನಿ ಕಣಿವೆಯದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರು.

ಈಗ ಒಂದು ಕಲ್ಪಿತ ಸೀಮೆಯನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ನಾವು ಆರಿಸಿದವು. ಅದು ಲಂಬಕೋನ ತ್ರಿಭುಜಾಕಾರದ್ದು. ಪಶ್ಚಿಮದ ಅಂಚು 10 ಕಿಲೋಮೀಟರು. ಅಲ್ಲಿಂದ ಪೂರ್ವಕ್ಕೆ 30 ಕಿಲೋಮೀಟರು ಹೋಗುವಷ್ಟರಲ್ಲಿ ಕಿರಿದಾಗುತ್ತ ಒಂದು ಬಿಂದುವಾಗಿ ಮುಗಿಯುತ್ತದೆ. ವರ್ಷದ ಮಳೆ ಪಶ್ಚಿಮದಂಚಿನಲ್ಲಿ 4 ಮೀಟರು, ಪೂರ್ವದ ತುದಿಯಲ್ಲಿ 1 ಮೀಟರು; ನಡುವೆ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ.

ಅವಸರದ ವಿದ್ಯಾರ್ಥಿಯು ಎರಡು ತುದಿಗಳ ಸರಾಸರಿ ಎರಡೂವರೆ ಮೀಟರು ಎಂದು ಹಿಡಿದು, 150 ಚದರ ಕಿಲೋಮೀಟರು ಕ್ಷೇತ್ರಫಲದಿಂದ ಗುಣಿಸಿ, 37.5 ಕೋಟಿ ಘನ ಮೀಟರು ಎಂದು ಬರೆಯುತ್ತಾನೆ. ಅದು ತಪ್ಪು. ಮಳೆ ಹೆಚ್ಚಿರುವ ಕಡೆಯಲ್ಲಿಯೇ ನೆಲವೂ ಅಗಲವಾಗಿದೆಯಲ್ಲವೆ?

ಆದುದರಿಂದ ಸೀಮೆಯನ್ನು ಉತ್ತರ ದಕ್ಷಿಣವಾಗಿ ತೆಳುವಾದ ಪಟ್ಟಿಗಳನ್ನಾಗಿ ಸೀಳೋಣ. ಪಶ್ಚಿಮದಂಚಿನಿಂದ 'ಕ' ಕಿಲೋಮೀಟರು ದೂರದ ಪಟ್ಟಿಯ ಉದ್ದ 30−ಕ ಎಂಬುದರ ಮೂರನೆಯ ಒಂದು ಪಾಲು. ಅಲ್ಲಿಯ ಮಳೆ 4−ಕ/10. ಮೊದಲು ಪಟ್ಟಿಯುದ್ದಕ್ಕೂ ಕೂಡಿಸಬೇಕು. ಇದು ಒಳಗಿನ ಅನುಕಲನ. ಪಟ್ಟಿಯ ಮೇಲೆ ಮಳೆ ಒಂದೇ ಆದುದರಿಂದ ಇಲ್ಲಿ ಗುಣಾಕಾರವೇ ಸಾಕು. ಬಳಿಕ ಆ ಗುಣಲಬ್ಧವನ್ನು 'ಕ' ಸೊನ್ನೆಯಿಂದ 30ರವರೆಗೆ ಅನುಕಲಿಸಬೇಕು, ಇದು ಹೊರಗಿನದು. ಬರುವ ಬೆಲೆ 450. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮೀಟರು ನೀರೆಂದರೆ ಹತ್ತು ಲಕ್ಷ ಘನ ಮೀಟರು. ಆದುದರಿಂದ ಮೊತ್ತ 45 ಕೋಟಿ. ಸರಾಸರಿಯ ಲೆಕ್ಕದಲ್ಲಿ ಕಾಣೆಯಾದ ನೀರು ಏಳೂವರೆ ಕೋಟಿ ಘನ ಮೀಟರು, ಅಂದರೆ ಎರಡೂವರೆ ಟಿ.ಎಂ.ಸಿ.ಗೂ ಮಿಕ್ಕಿದ್ದು! ಬಿದ್ದುದೆಲ್ಲ ನದಿಗೆ ಸೇರುವುದಿಲ್ಲ ನಿಜ. ಆದರೆ ಬಿದ್ದುದನ್ನೇ ತಪ್ಪಾಗಿ ಎಣಿಸಿದರೆ ಮುಂದಿನ ಲೆಕ್ಕವೂ ಕೆಡುತ್ತದೆ.

ತೆಳುವಾಗಿ ಸೀಳಿ ಕೂಡಿಸುವ ಈ ಯುಕ್ತಿ ಈ ನಾಡಿಗೆ ಹೊಸದಲ್ಲ. ಕೇರಳದ ಜ್ಯೇಷ್ಠದೇವನು 16ನೆಯ ಶತಮಾನದಲ್ಲಿ ಮಲೆಯಾಳದಲ್ಲಿ ರಚಿಸಿದ 'ಯುಕ್ತಿಭಾಷಾ' ಗ್ರಂಥದಲ್ಲಿ ಗೋಳವನ್ನು ಬಿಲ್ಲೆಗಳಾಗಿ ಸೀಳಿ ಅದರ ಘನಫಲವನ್ನು ಸಾಧಿಸಿದ್ದಾನೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಮಿತಿಗಳಲ್ಲಿ. ಒಳಗಿನ ಮಿತಿಯು 'ಕ'ದೊಡನೆ ಬದಲಾಗುವುದನ್ನು ಮರೆತು ಎಲ್ಲ ಪಟ್ಟಿಗಳಿಗೂ 10 ಎಂದೇ ಬರೆದರೆ ತ್ರಿಭುಜವು ಆಯತವಾಗಿ, ಉತ್ತರ 75 ಕೋಟಿಗೆ ಏರುತ್ತದೆ. ಮೊದಲು ಚಿತ್ರ ಬರೆದುಕೊಳ್ಳಿರಿ. ಮುಗಿದ ಮೇಲೆ ಪಟ್ಟಿಗಳನ್ನು ಪೂರ್ವ ಪಶ್ಚಿಮವಾಗಿ ಸೀಳಿ ಇನ್ನೊಮ್ಮೆ ಮಾಡಿರಿ. ಆಗ ಪಟ್ಟಿಯುದ್ದಕ್ಕೂ ಮಳೆ ಬದಲಾಗುವುದರಿಂದ ಒಳಗಿನ ಅನುಕಲನವನ್ನು ನಿಜವಾಗಿಯೂ ಮಾಡಬೇಕಾಗುತ್ತದೆ. ಉತ್ತರವು ಮತ್ತೆ 45 ಕೋಟಿಯೇ ಬರತಕ್ಕದ್ದು.