ಹಿಂದುಳಿದ ತಾಲ್ಲೂಕು ಎಂದರೇನು?

ಖಡಕಿಯ ಪಕ್ಕದಲ್ಲಿ ಹರಿಯುವ ಮುಳಾ ನದಿಯು ಮುಠೆಯನ್ನು ಕೂಡಿಕೊಂಡು ಭೀಮೆಗೆ ಸೇರುತ್ತದೆ. ಆ ಭೀಮೆ ನಮ್ಮ ನಾಡಿಗೆ ಬಂದಾಗ ಅದರ ಒಂದು ದಂಡೆಗೆ ಇಂಡಿ, ಸಿಂದಗಿಗಳ ಸೀಮೆ. ಎದುರು ದಂಡೆಗೆ ಅಫಜಲಪುರ. ಆ ಕಡೆಯಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದವರ ಬಾಯಲ್ಲಿ "ನಮ್ಮದು ಹಿಂದುಳಿದ ಸೀಮೆ" ಎಂಬ ಮಾತು ಆಗಾಗ ಬರುತ್ತದೆ. ಹಿಂದುಳಿದದ್ದೆಂದರೆ ಎಷ್ಟು? ಅದನ್ನು ಅಳೆಯಬಹುದೆ?

ಅಳೆಯಬಹುದು. ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕರ್ನಾಟಕ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಈ ಕೆಲಸವನ್ನೇ ಮಾಡಿತು. ಸಮಿತಿಯು ಜಿಲ್ಲೆಯನ್ನು ಹಿಡಿಯದೆ ತಾಲ್ಲೂಕನ್ನು ಹಿಡಿಯಿತು. ಇದು ಜಾಣತನದ ಕೆಲಸವೆಂದೇ ನಮ್ಮ ಎಣಿಕೆ. ಜಿಲ್ಲೆಯ ಸರಾಸರಿಯಲ್ಲಿ ಶಹರದ ಏಳಿಗೆಯು ಹಳ್ಳಿಯ ಬಡತನವನ್ನು ಮುಚ್ಚಿಬಿಡುತ್ತದೆ. ಬೇಸಾಯ, ಉದ್ದಿಮೆ, ರಸ್ತೆ, ಶಾಲೆ, ಆಸ್ಪತ್ರೆ ಮೊದಲಾದವುಗಳಿಗೆ ಸಂಬಂಧಿಸಿದ 35 ಅಳತೆಗಳಿಂದ 175 ತಾಲ್ಲೂಕುಗಳನ್ನು ತೂಗಿ ನೋಡಲಾಯಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದರೆ 114 ತಾಲ್ಲೂಕುಗಳು ಅದಕ್ಕಿಂತ ಕೆಳಗೆ ಬಂದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರ್ಗಿ ವಿಭಾಗವೊಂದರವೇ. ಬೆಂಗಳೂರಿನ ಮಗ್ಗುಲಲ್ಲಿರುವ ಕನಕಪುರ, ಮಾಗಡಿಗಳೂ ಅದೇ ಪಟ್ಟಿಯಲ್ಲಿವೆ ಎಂಬುದು ನಮಗೆ ಸೋಜಿಗವೆನಿಸಿತು. ಎಂಟು ವರುಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಅದರಲ್ಲಿ ನೂರಕ್ಕೆ 60ರಷ್ಟು ಪಾಲು ಉತ್ತರ ಕರ್ನಾಟಕಕ್ಕೆ.

ಇಂಡಿ, ಸಿಂದಗಿ, ಅಫಜಲಪುರ ಮೂರೂ ಆ 39ರೊಳಗಿನವು. ಆದರೆ ಮುಂದೆ 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿದಾಗ ಲೆಕ್ಕ ಬೇರೆಯಾಯಿತು. ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದಲ್ಲಿ ನ್ಯಾಯವಾದ ಪಾಲು, ಆ ಪ್ರದೇಶದ ಕಾಲೇಜು ಹಾಗೂ ಸರಕಾರಿ ನೌಕರಿಗಳಲ್ಲಿ ಮೀಸಲು, ಇವು ಆ ವಿಧಿಯ ಸಾರ. ನಿಜಾಮರ ಸೀಮೆಯಲ್ಲಿದ್ದ ಅಫಜಲಪುರ ಅದರ ಒಳಗಾಯಿತು. ಮುಂಬಯಿ ಪ್ರಾಂತದಲ್ಲಿದ್ದ ಇಂಡಿ, ಸಿಂದಗಿಗಳು ಹೊರಗುಳಿದವು. ಅಫಜಲಪುರದವರಿಗೆ ಸಿಕ್ಕದ್ದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅದು ಬಹಳ ತಡವಾಗಿಯೇ ಸಿಕ್ಕಿತು. ಆದರೂ ಸಮಿತಿಯು ತಾಲ್ಲೂಕಿನ ಸ್ಥಿತಿಯನ್ನು ನೋಡಿದ್ದರೆ, ಈ ವಿಧಿಯು ಹಳೆಯ ಸರಹದ್ದನ್ನು ನೋಡಿತೆಂಬುದನ್ನು ಹೇಳಲೇಬೇಕು.

ಇನ್ನೊಂದು ಮಾತು, ಇದು ಖಡಕಿಯಲ್ಲಿರುವ ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು ಕಡೆಯ ಬಂಧುಗಳಿಗೆ. ಮೀಸಲು ಸಿಗುವುದು ಹುಟ್ಟಿನಿಂದ ಇಲ್ಲವೆ ವಾಸದಿಂದ ಆ ಪ್ರದೇಶದವರಾದವರಿಗೆ. ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದಿದ್ದರೆ, ತಂದೆತಾಯಿಗಳು ತಮ್ಮ ಶಾಲೆಯ ದಾಖಲೆ, ಊರಿನ ಮನೆಯ ಕಾಗದಪತ್ರಗಳನ್ನು ಜೋಪಾನವಾಗಿಡಬೇಕು. ಜಾತ್ರೆಗೆಂದು ಊರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು, ಅರ್ಹತೆಯ ನಿಯಮಗಳನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಂಡು ಬರಬೇಕು.