ಟ್ರೇಲರ್ ಹೇರು: ಎತ್ತಿನ ಗಾಡಿಯ ಲೆಕ್ಕವೇ

ಎತ್ತಿನ ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಗೊತ್ತು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರ್ಯಾಕ್ಟರಿನ ಎರಡು ಗಾಲಿ ಟ್ರೇಲರಿಗೂ ಇದೇ ಲೆಕ್ಕ. ಹಿಂದೆ ಹೆಚ್ಚು ಹೇರಿದರೆ ಕೊಕ್ಕೆ ಮೇಲಕ್ಕೆಳೆದು ಟ್ರ್ಯಾಕ್ಟರಿನ ಹಿಂಗಾಲಿಗೆ ಹಿಡಿತ ತಪ್ಪುತ್ತದೆ. ತೀರಾ ಮುಂದಾದರೆ ಏರಿನಲ್ಲಿ ಮುಂಗಾಲಿ ಹಗುರಾಗಿ ಸ್ಟೇರಿಂಗ್ ಕೇಳುವುದಿಲ್ಲ. ಗೊಬ್ಬರವಿರಲಿ, ಚಿರೆಕಲ್ಲಿರಲಿ, ನಾನು ಅಚ್ಚಿನಿಂದ ತುಸುವೇ ಮುಂದೆ ಭಾರ ಬರುವಂತೆ ಹೇರುತ್ತೇನೆ.

ಇಳಿಜಾರಿನ ಕಷ್ಟ ಬೇರೆ. ಅಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ದೂಡುತ್ತದೆ. ನಮ್ಮಲ್ಲಿ ಬಹಳ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಶಿರಸಿಯ ದೇವಿಮನೆ, ಸಿದ್ದಾಪುರದ ದೊಡ್ಡಮನೆ, ಯಲ್ಲಾಪುರದ ಅರಬೈಲು, ಯಾವ ಘಟ್ಟವಾದರೂ ಸರಿ, ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ. ಹತ್ತುವ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಕ್ಲಚ್ ಒತ್ತಿ ಬಿಡುವುದು ಜೀವಕ್ಕೇ ಸಂಚಕಾರ. ಎರಡೂ ಬ್ರೇಕ್ ಪೆಡಲು ಕೂಡಿಸುವ ಚಿಲಕ ಹಾಕಿರಲಿ. ಒಂದೇ ಹಿಡಿದರೆ ಟ್ರ್ಯಾಕ್ಟರ್ ಗಕ್ಕನೆ ತಿರುಗಿ ಹೇರು ಮಗುಚೀತು.

ಹೊರಡುವ ಮುಂಚೆ ನೋಡಬೇಕಾದ್ದು:
1. ಕೊಕ್ಕೆಯ ಪಿನ್ನಿಗೆ ಕ್ಲಿಪ್ಪು, ಜೊತೆಗೊಂದು ಸರಪಳಿ.
2. ನಿಂತಾಗ ಗಾಲಿಗೆ ಕೊಡಲು ಮರದ ತುಂಡು.
3. ಹಿಂದೆ ಕೆಂಪು ರಿಫ್ಲೆಕ್ಟರ್.
4. ಹೇರಿನ ಮೇಲಾಗಲಿ, ಕೊಕ್ಕೆಯ ಹತ್ತಿರವಾಗಲಿ ಆಳು ಕೂರಿಸಬೇಡಿ.

ಒಂದು ಟ್ರಿಪ್ಪು ಹೆಚ್ಚಾದರೆ ಆಗಲಿ. ದೊಡ್ಡ ಹೇರನ್ನು ಎರಡು ಮಾಡಿಕೊಂಡರೆ ಖರ್ಚು ಡೀಸೆಲಿನದು ಮಾತ್ರ.